ಕಸ್ಟರ್ಡ್ ಡಬ್ಬದ ಚೀಟಿ

ಗ್ರಿಮ್ಸ್‌ಬಿಯಲ್ಲಿ ಶುಕ್ರವಾರ ಎಂದರೆ ಮೀನು.
ಬಂದರಿನ ದೋಣಿಗಳು ಬೆರಳೆಣಿಕೆಗೆ ಇಳಿದ ಮೇಲೂ
ನಮ್ಮ ಶಾಲೆಯ ಅಡುಗೆಮನೆಗೆ ಅದು ಬರುತ್ತದೆ
ರಟ್ಟಿನ ಪೆಟ್ಟಿಗೆಯಲ್ಲಿ, ಚೌಕಾಕಾರ, ಮುಳ್ಳಿಲ್ಲದೆ, ಯಾವ ಕಡಲಿನದೋ.
ಹತ್ತೊಂಬತ್ತು ವರ್ಷದಿಂದ ಕರಿಯುತ್ತಿದ್ದೇನೆ.
ಲೊರೇನ್ ಎಂಬ ಹೆಸರು ಮಕ್ಕಳಿಗೆ ಗೊತ್ತಿಲ್ಲ. ನೀಲಿ ಟೋಪಿ ಗೊತ್ತು.

ಮಾರ್ಚ್‌ನಲ್ಲಿ ಎಂಟನೇ ಕೊಠಡಿಯ ಮಾಡು ಸೋರಿತು.
ಮಿಸ್ ಓಲ್ಡ್‌ರಾಯ್ಡ್ ತರಗತಿಯನ್ನೆಲ್ಲ ಕರಕೊಂಡು
ಊಟದ ಹಾಲಿಗೇ ಬಂದರು, ಸಂಬಂಧಗಳ ಪಾಠಕ್ಕೆ.
ಹದಿನಾಲ್ಕರ ಪ್ರಾಯದ ಮೂವತ್ತು ಜನ,
ಕಿವಿಯವರೆಗೆ ಕೆಂಪು, ಬೆಂಚಿನಡಿ ಒದೆದಾಟ.
ನಾನು ಮೇಜು ಒರೆಸುತ್ತಿದ್ದೆ. ಒರೆಸಿದ್ದನ್ನೇ ಒರೆಸಿದೆ.

"ಮೊದಲು ಕೇಳಬೇಕು," ಅಂದರು ಆಕೆ,
"ಆಮೇಲೆ ಕಾಯಬೇಕು. ಉತ್ತರಕ್ಕೆ ಜಾಗ ಬಿಡಬೇಕು.
ಸುಮ್ಮನಿದ್ದರೆ ಹೂಂ ಅಂತಲ್ಲ.
ನಕ್ಕರೂ ಹೂಂ ಅಂತಲ್ಲ."
ಕೈಯಲ್ಲಿದ್ದ ಬಟ್ಟೆ ನಿಂತಿತು.
ನಮಗಿದನ್ನು ಯಾರೂ ಹೇಳಿರಲಿಲ್ಲ. ನಮ್ಮ ಕಾಲಕ್ಕೆ
ಪರದೆ ಎಳೆದ ಕಿಟಕಿ, ಕಪ್ಪೆಯ ಒಂದು ಚಿತ್ರ,
ಆಮೇಲೆ ಹತ್ತೊಂಬತ್ತನೇ ವಯಸ್ಸಿಗೆ ಕೆನ್ನಿ ಎಂಬ ಗಂಡ.
ಇರಲಿ.

ಹೆಸರು ಹಾಕದೆ ಬರೆಯುವ ಪ್ರಶ್ನೆಗಳಿಗೆ ಡಬ್ಬ ಬೇಕೆಂದರು.
ಕಸ್ಟರ್ಡ್ ಪುಡಿಯದು ಕೊಟ್ಟೆ. ಚೀಟಿಗಳಿಗೆಲ್ಲ ವೆನಿಲಾ ಘಮ.
ಮುತ್ತಿಟ್ಟರೆ ಶೀತ ಹತ್ತುತ್ತದೆಯೇ?
ಹಸಿದಾಗ ತಮ್ಮನ ಮೇಲೆ ಕಿರುಚಿದರೆ ಅದೂ ಹಿಂಸೆಯೇ?
ಶುಕ್ರವಾರ ಮೀನೇ ಯಾಕೆ?
ಎಲ್ಲರೂ ನನ್ನ ಕಡೆ ತಿರುಗಿ ನಕ್ಕರು. ನಾನೂ.

ಗಂಟೆಯಾದ ಮೇಲೆ ಡಬ್ಬ ತೊಳೆಯಲು ತಂದರೆ
ತಳಕ್ಕಂಟಿ ಒಂದು ಉಳಿದಿತ್ತು, ಪೆನ್ಸಿಲಿನ ಸಣ್ಣ ಅಕ್ಷರ:
ಕೇಳದೆ ಒಳ್ಳೆಯದು ಮಾಡುವವರಿಗೆ
ಬೇಡ ಅನ್ನುವುದು ಹೇಗೆ?

ಕೋರಿ ನೆನಪಾದ. ಸಾಲಿನ ಕೊನೆಗೇ ನಿಲ್ಲುವವನು.
ಯಂತ್ರಕ್ಕೆ ಬೆರಳೊತ್ತಿದರೆ ಪರದೆ ಕೆಂಪು, ಉಳಿಕೆ ನಲವತ್ತು ಪೆನ್ನಿ.
ನಾನು ಬೇರೆ ಗುಂಡಿ ಒತ್ತಿ, ತಟ್ಟೆಗೆ ಇನ್ನೊಂದು ಆಲೂ ಹಾಕಿ
"ಬೆಳೆಯೋ ಹುಡುಗ ನೀನು!" ಎಂದು ಹಾಲಿಗೆಲ್ಲ ಕೇಳುವಂತೆ.
ಬಡಿಸುವವಳು ನಮ್ಮವಳಾದರೆ
ಕೊನೇ ಪಂಕ್ತಿಯಾದರೇನು ಎಂಬ ಹೆಮ್ಮೆ ನನಗೆ.
ಅವನ ಕುತ್ತಿಗೆ ಬಣ್ಣ ತಿರುಗುವುದನ್ನು
ಉಗಿಯ ಆಚೆ ನಾನು ನೋಡಿರಲಿಲ್ಲವೇ? ನೋಡಿದ್ದೆ.

ಅವನದಲ್ಲದಿರಲೂಬಹುದು.
ರೂತಾಳದಿರಬಹುದು. ಲಿಥುವೇನಿಯಾದ ಹುಡುಗಿ,
ಬಟಾಣಿಯನ್ನು ತಟ್ಟೆಯ ಅಂಚಿಗೆ ಎಣಿಸಿ ಇಡುವವಳು,
ಈಚೆಗೆ ಹೊಸ ಫೋನು, ಸಂಜೆ ಕರೆದೊಯ್ಯುವ ಬಿಳಿ ಕಾರು.
ಚೀಟಿಯನ್ನು ಒಲೆಯ ಬಾಗಿಲಿಗೆ ಹಿಡಿದು ಒಣಗಿಸಿ
ಮಹಡಿ ಹತ್ತಿದೆ. ಮಿಸ್ ಎರಡು ಸಲ ಓದಿದರು,
ಬಾಗಿಲು ಮುಚ್ಚಿ ಕುರ್ಚಿ ಎಳೆದರು.
"ಒಳ್ಳೆಯದು ಮಾಡಿದಿರಿ" ಎಂದರು.
ಆ ಮಾತು ಅವತ್ತು ಗಂಟಲಲ್ಲಿ ಮೀನಿನ ಮುಳ್ಳು.

ಗುರುವಾರ ಕೋರಿ ಬಂದ. ದನಿ ತಗ್ಗಿಸಿ,
"ಇನ್ನೊಂದು ಬೇಕಾ?"
ಕಾದೆ. ಸಾರಿನ ಮೇಲೆ ಕೆನೆಗಟ್ಟಿತು.
ಶಿರ್ಲಿ ಮೊಣಕೈಯಿಂದ ತಿವಿದಳು.
"ಸಾಕು," ಅಂದ.
ಚಮಚ ಕೆಳಗಿಟ್ಟೆ. ತುಂಬ ಭಾರವಿತ್ತು.
ಸಾಕುವ ಕೈಗೆ ಸಾಕು ಎಂಬುದು ತಿಳಿಯಲು
ಹತ್ತೊಂಬತ್ತು ವರ್ಷ.

ಮುಂದಿನ ಮಂಗಳವಾರ ಎರಡು ಹೆಜ್ಜೆ ಹೋಗಿ
ತಿರುಗಿ ಬಂದ. "ಅರ್ಧ ಸಿಗುತ್ತಾ?"
ಅರ್ಧ ಕೊಟ್ಟೆ. ಅಳತೆ ತಪ್ಪದ ಅರ್ಧ.

ಚೀಟಿ ಯಾರದೆಂದು ಇನ್ನೂ ಗೊತ್ತಾಗಿಲ್ಲ.
ಇವತ್ತು ಮೂರೂವರೆಗೆ ಗೇಟಿನಲ್ಲಿ ಬಿಳಿ ಕಾರು.
ರೂತಾ ಬಾಗಿಲೊಳಗೇ ನಿಂತು
ಚೀಲದ ಜಿಪ್ಪು ಎಳೆದಳು, ತೆಗೆದಳು, ಮತ್ತೆ ಎಳೆದಳು.
ಏಪ್ರನ್ ಬಿಚ್ಚಿ ಪಕ್ಕಕ್ಕೆ ಹೋಗಿ
"ಜೊತೆಗೆ ನಿಲ್ಲಲಾ?" ಎಂದೆ.
ಕಾದೆ.